ಅವ್ವ ಧಾರವಾಡಕ್ಕ ಹೋಗಿರಲಿಲ್ಲ

ಎಪ್ಪತ್ತರ ದಶಕದ ಕೊನಿ. ಪುಣೆದಾಗ ಹತ್ತಾರು ಬಿಡಾರದ ಒಂದು ಹಳೇ ವಾಡೇದೊಳಗ ನಮ್ಮದು ಎರಡು ಖೋಲಿ ಸಂಸಾರ. ಅವ್ವ ಊಟ, ನಿದ್ದಿ ಬಿಟ್ಟು ಗ್ವಾಡಿ ಜೋಡಿ ಮಾತಾಡಲಿಕ್ಕೆ ಹತ್ತಿದಾಗ ಅಪ್ಪ ಆಕೀನ್ನ ಮಾನಸಿಕ ರೋಗಿಗಳ ದವಾಖಾನಿಗೆ ಸೇರಿಸಿದರು. ವಾಡೇದವರಿಗೆ ಮಾತ್ರ "ತವರುಮನಿಗೆ ಹೋಗ್ಯಾಳ್ರಿ, ಧಾರವಾಡಕ್ಕ," ಅಂದರು. ಅಕ್ಕಗ ಒಂದು ವರ ನೋಡೋದು ನಡದಿತ್ತು. ತಾಯಿಗೆ ಹುಚ್ಚು ಅಂತ ಸುದ್ದಿ ಹಬ್ಬಿದರ ಆ ಮನಿ ಹೊಸ್ತಿಲಾ ಯಾರು ತುಳೀತಾರ?

ಆ ವರ ತೋರಿಸಿದಾಕಿ ಎದುರು ಖೋಲಿ ಕಾಕು, ಮರಾಠಿಯಾಕಿ. ಆಕಿ ಗುರ್ತಿನ ಕನ್ನಡದವರ ಮನಿ ಹುಡುಗ ಅವ. ಕಾಕುನ ಬಾಯಿ ಅಂದರ ದೇವರೇ ಕಾಪಾಡಬೇಕು! ಎಲ್ಲಾರ ಮನಿ ಸುದ್ದಿನೂ ಆಕಿಗೆ ಬೇಕು. ತನ್ನ ಮಗ ಮಾತ್ರ ಭೋರ್ ಅನ್ನೋ ಊರಾಗ ಮಾಮಾನ ಹೊಲಾ ನೋಡಿಕೋತಾನ ಅಂತಿದ್ದಳು, ನಾವು ಅವನ್ನ ಕಂಡೇ ಇರಲಿಲ್ಲ. "ಅವ್ವನ ಪತ್ರ ಬಂತೇನು?" ಅಂತ ನಳದ ಹತ್ತರ ದಿನಾ ಕೇಳೋಳು. ಏನರ ಒಂದು ಸುಳ್ಳು ಹೇಳಿ, ಕೊಡಾ ತುಂಬೋದರಾಗ ಓಡಿ ಬರ್ತಿದ್ದೆ.

ಅವ್ವ ಬರೋ ಹಿಂದಿನ ದಿನ ಅಪ್ಪಗ ಒಮ್ಮೆಲೇ ನೆನಪಾತು: ಊರಿಂದ ಬಂದಾಗೆಲ್ಲಾ ಅವ್ವ ವಾಡೇದಾಗ ಪೇಢೆ ಹಂಚತಿದ್ದಳು. ಈಗ ಧಾರವಾಡ ಪೇಢೆ ಎಲ್ಲಿಂದ ತರೋದು? ನಮ್ಮಪ್ಪ, ಭಾಳ ಶಾಣ್ಯಾ ಮನಷ್ಯಾ, ಪ್ಯಾಟಿಯಿಂದ ಕೇಸರಿ ಪೇಢೆ ತಂದು ಸಣ್ಣ ಸಕ್ಕರಿಯೊಳಗ ಹೊರಳಿಸಿದರು. ಧಾರವಾಡದ್ದು ಕಂದು, ಇದು ಹಳದಿ. ಸಕ್ಕರಿ ಹಚ್ಚಿದರ ಬಣ್ಣ ಮುಚ್ಚತದೇನು? ಅಕ್ಕ ನಗಲೋ ಅಳಲೋ ತಿಳೀದ ನಿಂತಿದ್ದಳು.

ಅವ್ವ ಬಂದಳು. ಸೊರಗಿದ್ದಳು, ಗುಳಿಗಿ ತಗೊಂಡು ತಗೊಂಡು ಕೈ ನಡುಗತಿದ್ದವು. ಆದರ ನಮ್ಮನ್ನ ನೋಡಿ ನಕ್ಕಳು. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಕಾಕು ಬಾಗಿಲಿಗೆ ಹಾಜರ್! ಅಪ್ಪ ಗಡಿಬಿಡಿಲೆ ತಾಟು ಮುಂದ ಹಿಡಿದರು. ಕಾಕು ಒಂದು ಪೇಢೆ ಮುರಿದು ನೋಡಿದಳು.

"ಇದು ಧಾರವಾಡದ್ದೇನು?" ಅಂತ ಮರಾಠಿಯೊಳಗ ಕೇಳಿದಳು.

ಅಪ್ಪ ಬಾಯಿ ತೆರೆಯೋದರಾಗ ಅವ್ವ, "ಅಲ್ಲ ವೈನಿ," ಅಂದಳು. "ನಾ ಧಾರವಾಡಕ್ಕ ಹೋಗಿರಲಿಲ್ಲ. ತಲಿ ಕೆಟ್ಟಿತ್ತು, ದವಾಖಾನ್ಯಾಗ ಇದ್ದೆ. ಔಷಧಾ ಕೊಟ್ಟರು. ಈಗ ಆರಾಮ ಆಗಲಿಕ್ಕೆ ಹತ್ತೇನಿ."

ಮುಗೀತು, ಅಕ್ಕನ ಮದುವಿ ಮುಗೀತು! ಅವ್ವನ ಮ್ಯಾಲ ನನಗ ಎಂಥಾ ಸಿಟ್ಟು ಬಂತು! ಇಷ್ಟು ದಿನ ನಾವು ಜೀವಾ ಕೈಯಾಗ ಹಿಡಕೊಂಡು ಮುಚ್ಚಿಟ್ಟದ್ದನ್ನ ಹಿಂಗ ಬಾಗಿಲಾಗ ನಿಂತು ಹೇಳೋದೇನು?

"ವೈನಿ, ವರನ ಕಡೆಯವರಿಗೆ ಮಾತ್ರ..." ಅಂತ ಅಪ್ಪ ಕೈ ಮುಗಿದರು.

ಕಾಕು ಅವರ ಕಡೆ ನೋಡಲೇ ಇಲ್ಲ. ಒಳಗ ಬಂದು ಬಾಗಿಲಾ ಮುಂದ ಮಾಡಿದಳು. ಅರ್ಧಾ ಪೇಢೆ ಇನ್ನೂ ಕೈಯಾಗ ಇತ್ತು. ಆಕಿ ದನಿ ಅಷ್ಟು ಸಣ್ಣದಾಗಿದ್ದು ನಾ ಎಂದೂ ಕೇಳಿರಲಿಲ್ಲ.

"ಅಲ್ಲೆ ಹೊಡೀತಾರೇನು?"

"ನನಗಂತೂ ಯಾರೂ ಹೊಡೀಲಿಲ್ಲ," ಅಂದಳು ಅವ್ವ.

"ಹಂಗಾರ ನನ್ನ ಮಗನ್ನೂ ಕರಕೊಂಡು ಹೋಗೂಣೇನು? ಅವ ಭೋರ್‌ದಾಗ ಹೊಲಾ ನೋಡಂಗಿಲ್ಲ. ಮಾಮಾನ ಮನಿಯವರು ಅವನ್ನ ಖೋಲ್ಯಾಗ ಇಟ್ಟು ಕೀಲಿ ಹಾಕ್ಯಾರ."