ಅಕ್ಕ ನೋಡಿಬಂದ ಗ್ರಂಥಾಲಯಗಳು

ನಿನ್ನೆ ಬೆಳಿಗ್ಗೆ ಮಗಳ ಡಬ್ಬಿಗೆಂದು ಕಿತ್ತಳೆ ಸುಲಿಯುತ್ತಿದ್ದೆ. ಸಿಪ್ಪೆಯಿಂದ ಚಿಮ್ಮಿದ ರಸ ಕಣ್ಣಿಗೆ ಬಿತ್ತು. ಕಣ್ಣುಜ್ಜಿಕೊಳ್ಳುತ್ತಿರುವಾಗ ಆ ವಾಸನೆಯ ಹಿಂದೆಯೇ ಮೇಲಿನ ಮನೆಯ ಅಕ್ಕ ನೆನಪಿಗೆ ಬಂದು ನಿಂತರು...

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಅವರದು ನಮ್ಮ ಮೇಲಿನ ಮಹಡಿ. ಊರು ಉಡುಪಿ ಕಡೆ, ಇದ್ದದ್ದು ಒಬ್ಬರೇ. ನವಿ ಮುಂಬಯಿ ಕಡೆಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ. ಅವರ ಪರ್ಸಿನಲ್ಲಿ ಕಿತ್ತಳೆ ಸಿಪ್ಪೆಯ ಚೂರು ಇದ್ದೇ ಇರುತ್ತಿತ್ತು. ಕೆಮಿಕಲ್ ಕಂಪನಿಗಳ ಗಾಳಿ ಬೀಸಿದರೆ ಅದನ್ನು ಚಿವುಟಿ ಮೂಗಿಗೆ ಹಿಡಿಯುತ್ತಿದ್ದರು. ಗ್ರಂಥಾಲಯ ತಲುಪಿದ ಮೇಲೆ ಕೈ ತೊಳೆದು, ಸೆರಗಿಗೆ ಒರೆಸಿ, ಅಂಗೈ ತಿರುಗಿಸಿ ನೋಡಿಕೊಂಡೇ ಪುಸ್ತಕ ಮುಟ್ಟುವುದು.

ಅಲ್ಲಿ ಕನ್ನಡ ಪುಸ್ತಕಗಳಿಗೆ ಒಂದು ಪುಟ್ಟ ಕೋಣೆಯಿತ್ತು. ಅದು ಅಕ್ಕನ ಸುಪರ್ದಿ. ನಾನು ಓದಿದ್ದು ಇಲ್ಲಿಯದೇ ಕಾನ್ವೆಂಟಿನಲ್ಲಿ, ಮನೆಯಲ್ಲಿ ತುಳು. ಕನ್ನಡ ಕಿವಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದ ಮೇಲೆ, ಚಪಾತಿ ಹಿಟ್ಟು ಉದುರಿಸಿದ ಅಡುಗೆ ಕಟ್ಟೆಯ ಮೇಲೆ ಬೆರಳಿನಿಂದ ಅಕ್ಷರ ಬರೆದು ತೋರಿಸಿ, ಆ ಕೋಣೆಯಿಂದ ಒಂದೊಂದೇ ಪುಸ್ತಕ ತಂದುಕೊಟ್ಟು ಓದಲು ಕಲಿಸಿದವರು ಅವರೇ.

ಒಂದು ವರ್ಷ ಗ್ರಂಥಾಲಯಕ್ಕೆ ಸ್ಟ್ರಾಟೆಜಿಕ್ ಪ್ಲಾನ್ ಬೇಕೆಂದು ಮೇಲಿನಿಂದ ಹೇಳಿಕಳಿಸಿದರು. ಮುಂದಿನ ವರ್ಷಗಳಲ್ಲಿ ಏನಿರಬೇಕು, ಏನು ಹೋಗಬೇಕು ಎಂಬ ಯೋಜನೆ. ಕನ್ನಡದ ಕೋಣೆ ತೆಗೆದು ಅಲ್ಲಿ ಕಂಪ್ಯೂಟರ್ ಇಡೋಣ ಎಂಬ ಮಾತು ಆಗಲೇ ಎದ್ದಿತ್ತು. ಅದಕ್ಕೆ ಮೊದಲು, ನಮ್ಮಂಥ ಬೇರೆ ಗ್ರಂಥಾಲಯಗಳು ಏನು ಮಾಡಿವೆ ನೋಡಿಬನ್ನಿ ಎಂದು ಅಕ್ಕನನ್ನೇ ಕಳಿಸಿದರು. ಬೇರೆಯವರನ್ನು ನೋಡಿದರೆ ತಮ್ಮ ಕೋಣೆ ಉಳಿಯುತ್ತದೆ ಎಂದೇ ಅಕ್ಕ ನಂಬಿದ್ದರು.

ಮೂರು ಕಡೆ ಹೋಗಿಬಂದರು. ಎರಡು ಕಡೆ ಇಂಥ ಕೋಣೆಗಳನ್ನು ಮುಚ್ಚಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಬಿಟ್ಟಿದ್ದರು. ಮೂರನೆಯ ಕಡೆಯಿಂದ ಬಂದ ದಿನ ಮಾತ್ರ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು: "ಸಂಜೆವರೆಗೂ ಬಾಗಿಲು ತೆರೆದಿಡ್ತಾರೆ, ಹೊರಗಿನವರಿಗೂ ಓದ್ಲಿಕ್ಕೆ ಬಿಡ್ತಾರೆ. ಒಂದು ಕುರ್ಚಿ ಖಾಲಿ ಇಲ್ಲ ಮಾರಾಯ್ತಿ! ನಾನು ನಿಂತೇ ಬರ್ಕೊಂಡೆ."

ವರದಿಯ ಇಂಗ್ಲಿಷ್ ತಿದ್ದಿದ್ದು ನಾನು, ನಮ್ಮ ಊಟದ ಮೇಜಿನ ಮೇಲೆ, ಮೆಂತ್ಯ ಸೊಪ್ಪು ಬಿಡಿಸುತ್ತಾ. ಮುಚ್ಚಿದ ಎರಡು ಕೋಣೆಗಳ ಸಾಲು ಬಂದಾಗ ನನ್ನ ಕೈ ನಿಂತಿತು.

"ಅಕ್ಕಾ, ಇದೊಂದು ಬಿಟ್ಟರೆ ಆಗದಾ?"

"ಕಂಡದ್ದನ್ನು ಬಿಟ್ಟು ಬರೀಲಿಕ್ಕೆ ಅಷ್ಟು ದೂರ ರೈಲಿನಲ್ಲಿ ನೇತಾಡಬೇಕಿತ್ತಾ?" ಎಂದು ನಕ್ಕರು. "ಕಾನ್ವೆಂಟಿನ ಸಿಸ್ಟರ್‌ಗಳು ಇದನ್ನೇ ಕಲಿಸಿದ್ದಾ ನಿಂಗೆ?"

ಸಭೆಯಲ್ಲಿ ಮೇಲಿನವರು ಅದೊಂದೇ ಸಾಲನ್ನು ಗಟ್ಟಿಯಾಗಿ ಓದಿದರಂತೆ. ಮೂರರಲ್ಲಿ ಎರಡು ಕಡೆ ಮುಚ್ಚಿದ್ದಾರಲ್ಲ ಮೇಡಂ, ನೀವೇ ಬರೆದಿದ್ದೀರಿ... ತುಂಬಿದ ಕುರ್ಚಿಗಳ ಮಾತನ್ನು ಯಾರೂ ಎತ್ತಲಿಲ್ಲ.

ಕೋಣೆ ಖಾಲಿ ಮಾಡುವ ದಿನ, ಅಲ್ಲಿಗೆ ನಿತ್ಯ ಓದಲು ಬರುತ್ತಿದ್ದ ಹುಡುಗಿಯೊಬ್ಬಳು ಬಂದಳಂತೆ. ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಎಂ.ಎ. ಓದುತ್ತಿದ್ದವಳು. ಪೆಟ್ಟಿಗೆಗಳನ್ನು ನೋಡಿ, "ಇನ್ಮ್ಯಾಲ ನಾ ಎಲ್ಲಿ ಕುಂದರ್ಲಿರೀ ಮೇಡಂ? ನಮ್ಮ ಶೆಡ್ಡಿನ್ಯಾಗ ಲೈಟ್ ಇರಂಗಿಲ್ಲ" ಅಂದಳಂತೆ. ಇದನ್ನು ಹೇಳುವಾಗ ಅಕ್ಕ ನನ್ನ ಮುಖ ನೋಡಲಿಲ್ಲ. ಬಾಗಿಲ ತೋರಣದ ಒಂದು ಎಳೆಯನ್ನು ಹಿಡಿದು ತಿರುಚುತ್ತಲೇ ಇದ್ದರು. ಆ ಹುಡುಗಿ ಮತ್ತೆ ಗ್ರಂಥಾಲಯದ ಕಡೆ ಬರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ... ಕೆಲವು ವರ್ಷಗಳ ನಂತರ, ಅಕ್ಕ ನಿವೃತ್ತರಾಗುವ ಸ್ವಲ್ಪ ಮೊದಲು, ಅದೇ ಮೂರನೆಯ ಗ್ರಂಥಾಲಯದಿಂದ ಒಬ್ಬರು ಮೇಡಂ ಬಂದರು. ಅವರಿಗೂ ಈಗ ಒಂದು ಪ್ಲಾನ್ ಬೇಕಿತ್ತು. ನಿಮ್ಮಂಥವರು ಏನು ಮಾಡಿದ್ದೀರಿ ನೋಡಿಹೋಗೋಣ ಅಂತ ಬಂದೆ ಎಂದರಂತೆ. ಅಕ್ಕ ಚಹಾ ತರಿಸಿ ಕೊಟ್ಟು, ಕಂಪ್ಯೂಟರ್ ಕೋಣೆ ತೋರಿಸಿದರು.

"ನೀವೇನು ಹೇಳಿದಿರಿ ಅಕ್ಕಾ?"

"ಮುಚ್ಚಿದೆವು ಅಂತ ಹೇಳಿದೆ. ಮುಚ್ಚಬೇಡಿ ಅಂತಲೂ ಹೇಳಿದೆ." ಅಂಗೈ ತಿರುಗಿಸಿ ನೋಡಿಕೊಂಡರು. "ಮೊದಲನೆಯದನ್ನು ಮಾತ್ರ ಬರ್ಕೊಂಡ್ರು."

ಆ ಮೂರನೆಯ ಕಡೆಯ ಕೋಣೆಯೂ ಮುಚ್ಚಿತು. ನಿವೃತ್ತರಾದ ಮೇಲೆ ಅಕ್ಕ ಬಾಡಿಗೆ ಕಡಿಮೆ ಎಂದು ಟಿಟ್ವಾಳಾಕ್ಕೆ ಹೋದರು. ನಾನು ಹೋದಾಗಲೆಲ್ಲ ಪತ್ರೋಡೆ ಮಾಡಿಡುತ್ತಿದ್ದರು, ಪುಸ್ತಕದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಆಕೆ ಏನು ಕೆಲಸ ಮಾಡುತ್ತಿದ್ದರು ಎಂದು ಅಲ್ಲಿಯ ಪಕ್ಕದ ಮನೆಯವರು ನನ್ನನ್ನು ಕೇಳಿದರು.

ಕಿತ್ತಳೆಯ ಸಿಪ್ಪೆಯನ್ನು ಎಸೆಯಲು ಮನಸ್ಸಾಗದೆ ಕಿಟಕಿಯಲ್ಲಿಟ್ಟೆ. ಸಂಜೆ ಮಗಳು ಕಾಲೇಜಿನಿಂದ ಬಂದು, "ಮಮ್ಮಿ, ಯೇ ಛಿಲ್ಕಾ ಕ್ಯೂಂ ರಖಾ ಹೈ?" ಅಂದಳು, ಈ ಸಿಪ್ಪೆ ಯಾಕಿಟ್ಟಿದ್ದೀ ಎಂದು. ಅಕ್ಕನ ಬಗ್ಗೆ ಬರೆಯುತ್ತಿದ್ದೇನೆ ಎಂದು ಹಾಳೆ ಮುಂದೆ ಹಿಡಿದೆ. ಅವಳು ಅಕ್ಷರಗಳನ್ನು ಚಿತ್ರ ನೋಡುವ ಹಾಗೆ ನೋಡಿ, ಮೆತ್ತಗೆ ವಾಪಸು ಕೊಟ್ಟಳು.

ಕತ್ತಲಾಗುವಾಗ ಕಂಪನಿಗಳ ಗಾಳಿ ಒಳಗೆ ಬಂತು. ಸಿಪ್ಪೆ ಎತ್ತಿ ಚಿವುಟಿದೆ. ಒಣಗಿಹೋಗಿತ್ತು.