ನೀರುನಾಯಿ ಮರಿ ಸಾಗಿಸಿದ ಬೆಳಗು

ಹೊಳೆದಂಡೆಯಲ್ಲಿ ಟೆಂಟು ಹಾಕಿ ಒಂದು ರಾತ್ರಿ ಕಳೆಯಬೇಕೆಂಬುದು ನನ್ನ ಗಂಡನ ಆಸೆ. ಟೆಂಟು ಕೊಂಡು ತಂದವರೂ ಅವರೇ. ಹೊರಡುವ ದಿನವೇ ಫ್ಯಾಕ್ಟರಿಯಲ್ಲಿ ಶಿಫ್ಟು ಬದಲಾಗಿ ಅವರು ಹೊಸಪೇಟೆಯಲ್ಲೇ ಉಳಿಯಬೇಕಾಯಿತು. ನಾನು ಕಟ್ಟಿದ್ದ ಬುತ್ತಿಯನ್ನು ಬಿಚ್ಚಲು ಹೋದರೆ ಅತ್ತೆ ತಡೆದರು.

"ಅವ ಬರದಿದ್ರ ಏನಾತು? ನಾವಿಬ್ರೇ ಹೋಗಾಣ, ನಡಿ."

ಅಡುಗೆಮನೆಯ ಉಪ್ಪುಹುಳಿ ಬಿಟ್ಟರೆ ನಮ್ಮಿಬ್ಬರ ನಡುವೆ ಅಷ್ಟು ದಿನ ಬೇರೆ ಮಾತೇ ಇರಲಿಲ್ಲ. ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ಬುಕ್ಕಸಾಗರದಲ್ಲಿ ನನ್ನ ಅಣ್ಣನ ಗದ್ದೆ ತುಂಗಭದ್ರೆಗೆ ತಾಗಿಯೇ ಇದೆ. ಹೊಳೆಯ ಆ ಭಾಗ ನೀರುನಾಯಿಗಳಿಗೆಂದೇ ಕಾಯ್ದಿಟ್ಟ ಜಾಗ. ಅಣ್ಣ ದಂಡೆಯ ದಿಬ್ಬದ ಮೇಲೆ ಟೆಂಟು ಹಾಕಿಕೊಟ್ಟ. "ಮ್ಯಾಲೆ ಮಳಿ ಭಾಳ ಆಗೇತಿ. ಡ್ಯಾಮಿನಿಂದ ನೀರು ಬಿಟ್ರೂ ಬಿಡಬಹುದು. ಕೆಳಗ ಮಾತ್ರ ಇಳೀಬ್ಯಾಡ್ರಿ ಅತ್ತಿ," ಎಂದು ಹೇಳಿ ಗದ್ದೆಮನೆಗೆ ಹೋದ.

ಬೆಳಕು ಹರಿಯುವಾಗ ಅತ್ತೆ ನನ್ನ ಭುಜ ಅಲುಗಿಸಿದರು. "ಏ ಹುಡುಗಿ, ಹೊಳಿ ದನಿ ಬ್ಯಾರೆ ಆಗೇತಿ, ಕೇಳು."

ಹೊರಗೆ ಬಂದು ನೋಡಿದೆ. ಸಂಜೆ ಒಣಗಿ ಬಿದ್ದಿದ್ದ ಬಂಡೆಗಳ ನಡುವೆ ಕೆಂಪು ನೀರು ನುಗ್ಗುತ್ತಿತ್ತು. ಜೊಂಡು ಮುಳುಗಿ ತುದಿಯಷ್ಟೇ ಕಾಣುತ್ತಿತ್ತು. ಇನ್ನೇನು ಟೆಂಟು ಮಡಚಬೇಕು, ಕೆಳಗಿನಿಂದ ಶಿಳ್ಳೆ ಹಾಕಿದಂತೆ ಒಂದು ಕೂಗು ಬಂತು. ಬಂಡೆಯಡಿಯ ಪೊಟರೆಯಿಂದ ನೀರುನಾಯಿಯೊಂದು ಹೊರಬಿದ್ದು ನೇರ ನಮ್ಮ ಕಡೆಗೇ ಏರತೊಡಗಿತು. ಬಾಯಲ್ಲಿ ಮರಿ ಜೋತಾಡುತ್ತಿತ್ತು.

"ಗಪ್ ಕುಂದ್ರು," ಅತ್ತೆ ಪಿಸುಗುಟ್ಟಿದರು.

ಇದ್ದಲ್ಲೇ ಕುಳಿತೆವು. ಅದು ನಮ್ಮ ಪಕ್ಕದಲ್ಲೇ ಹಾದು, ಹಿಂದಿನ ಬಂಡೆರಾಶಿಯ ಸಂದಿಯೊಳಗೆ ಮರಿಯನ್ನಿಟ್ಟು ಮತ್ತೆ ಕೆಳಗೆ ಓಡಿತು. ಇನ್ನೊಂದು ಮರಿ ತಂದಾಗ ನಮ್ಮೆದುರು ನಿಂತೇಬಿಟ್ಟಿತು. ಒದ್ದೆ ಮೀಸೆ, ಗುಂಡು ಕಣ್ಣು, ಏದುಸಿರಿಗೆ ಕುಣಿಯುವ ಪಕ್ಕೆ. ಅದರ ಮೈಯ ನೀರು ಅತ್ತೆಯ ಪಾದದ ಮೇಲೆ ಹನಿಯಿತು. ಅವರು ಕಾಲು ಸರಿಸಲಿಲ್ಲ.

"ಹೋಗವ್ವ, ಹೋಗು," ಎಂದರು, ಉಸಿರಿನಷ್ಟೇ ದನಿಯಲ್ಲಿ.

ಮತ್ತೆ ಅದು ಇಳಿದು ಹೋಗುವಷ್ಟರಲ್ಲಿ ಪೊಟರೆಯ ಬಾಯಿ ಮುಳುಗಿಹೋಗಿತ್ತು. ಅದು ಅಲ್ಲೇ ಮುಳುಗು ಹಾಕಿತು. ನೀರು ಸುಳಿ ತಿರುಗುತ್ತಿತ್ತು. ಅದು ಮಾತ್ರ ಮೇಲೆ ಬರಲೇ ಇಲ್ಲ. ಅತ್ತೆ ನನ್ನ ಮುಂಗೈ ಹಿಡಿದ ಬಿಗಿಗೆ ಬಳೆ ಒತ್ತಿ ನೋಯುತ್ತಿತ್ತು. ಬಿಡಿಸಿಕೊಳ್ಳಬೇಕೆನಿಸಲಿಲ್ಲ.

ಸೆಳವಿನಲ್ಲಿ ಎಷ್ಟೋ ದೂರ ಕೆಳಗೆ ಒಂದು ತಲೆ ಕಂಡಿತು. ಅಡ್ಡಡ್ಡ ಈಜಿ ದಡ ಮುಟ್ಟಿ, ದಿಬ್ಬ ಏರಿ ಬಂದು, ನಮ್ಮಿಂದ ಮಾರು ದೂರದಲ್ಲಿ ಮರಿಯನ್ನು ಮರಳಿನ ಮೇಲೆ ಹಾಕಿತು. ಮರಿ ಮಿಸುಕಲಿಲ್ಲ. ತಾಯಿ ಅದನ್ನು ನೆಕ್ಕಿತು, ಮೂತಿಯಿಂದ ಹೊರಳಿಸಿತು, ಮತ್ತೆ ನೆಕ್ಕಿತು. ಕೊನೆಗೆ ಮರಿ ಸೀನಿತು. ಆಮೇಲೆ ಕುಂಯ್ ಎಂದು ಅತ್ತಿತು.

ತಾಯಿ ಅದನ್ನು ಕಚ್ಚಿಕೊಂಡು ಸಂದಿಯೊಳಗೆ ಮರೆಯಾದ ಮೇಲೂ ನಾವು ಏಳಲಿಲ್ಲ. ಅತ್ತೆಯ ಕೆನ್ನೆ ಒದ್ದೆಯಾಗಿತ್ತು.

"ಹುಟ್ಟಿದಾಗಿಂದ ಈ ಹೊಳಿ ನೀರೇ ಕುಡದೀನಿ. ಇದರಾಗ ಎಂಥೆಂಥಾ ಜೀವ ಅದಾವು ಅಂತ ನೋಡೇ ಇದ್ದಿಲ್ಲ ನೋಡು."

ಅಷ್ಟರಲ್ಲಿ ಅಣ್ಣ ಕೂಗುತ್ತ ಓಡಿ ಬಂದ. ಅತ್ತೆ ತುಟಿಯ ಮೇಲೆ ಬೆರಳಿಟ್ಟು ಬಂಡೆರಾಶಿಯತ್ತ ತೋರಿಸಿದರು. ಅವನೂ ನಿಂತ. ಒಳಗಿನಿಂದ ಮರಿಗಳ ದನಿ ಕೇಳುತ್ತಿತ್ತು. ಮೂವರೂ ಸದ್ದಿಲ್ಲದೆ ಟೆಂಟು ಬಿಚ್ಚಿ ಬದುವಿನ ಮೇಲೆ ನಡೆದೆವು.