ಹರಪನಹಳ್ಳಿ ಮುಟ್ಟದ ಉಸಿರು

ಕೂಗುವಾಗ ಏಜೆಂಟ್ ಮಾಮನ ಕೊರಳ ನರ ಬಾವಿ ಹಗ್ಗದಂತೆ ಉಬ್ಬುತ್ತಿತ್ತು. ಕೂಡ್ಲಿಗಿಯಲ್ಲಿ ಖಾಸಗಿ ಬಸ್ಸಿಗೆ ಜನರನ್ನು ಕರೆದು ಹತ್ತಿಸುವುದು ಅವನ ಕೆಲಸ. ಕೊಟ್ಟೂರು ದಾಟಿ ಹರಪನಹಳ್ಳಿವರೆಗೆ ದಾರಿಯ ಹಳ್ಳಿಗಳನ್ನೆಲ್ಲ ಒಂದೇ ಉಸಿರಿನಲ್ಲಿ ಪೋಣಿಸುತ್ತಿದ್ದ. ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ ಆ ಕೂಗು ಕೇಳಿದರೆ ಗಂಡ ನೆಟ್ಟಗಿದ್ದಾನೆಂದು ಸಮಾಧಾನ.

ನಾನು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಚಹದಂಗಡಿ ಕಟ್ಟೆಗೆ ಕಾಯಂ ಆಗಿದ್ದವನು. ಊರಿನವರೆಲ್ಲರ ದನಿ ನನ್ನ ಗಂಟಲಲ್ಲಿತ್ತು, ನನ್ನದೊಂದು ಬಿಟ್ಟು. ಮಾಮನದಂತೂ ಅವನಿಗಿಂತ ಚೆನ್ನಾಗಿ ಬರುತ್ತಿತ್ತು.

"ಲೇ ಕಪಿ, ನನ್ನ ದನಿ ಕದ್ದು ಉಪ್ಪಿನಕಾಯಿ ಹಾಕ್ತೀ ಏನು?" ಎನ್ನುತ್ತಿದ್ದ.

ಒಂದು ಬೇಸಿಗೆ ಎದೆ ಹಿಂಡುತ್ತದೆಂದು ಕುಸಿದು ಕೂತ. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದೆವು; ಡ್ರೈವರ್ ಬೆನ್ನಿಗೆ ಗುದ್ದಿದ. ಮಾಮ ತೇಗಿ, ಎದ್ದು, ಮತ್ತೆ ಕೂಗಿದ. ಆಮೇಲೆ ಉಸಿರು ಕುಗ್ಗುತ್ತ ಬಂದು, ಕೂಗು ಕೊಟ್ಟೂರಿಗೇ ನಿಲ್ಲತೊಡಗಿತು. ಬಸ್ಸು ಮುಂದೆ ಹೋಗುವುದಿಲ್ಲವೆಂದುಕೊಂಡು ಹರಪನಹಳ್ಳಿಯ ಅಜ್ಜಿಯೊಬ್ಬಳು ಗಂಟಿನ ಸಮೇತ ಇಳಿದೇಬಿಟ್ಟಳು.

ದಾವಣಗೆರೆಗೆ ನಾನೇ ಕರೆದೊಯ್ದೆ. ಡಾಕ್ಟರು ಹೇಳಿದರು: "ಅವತ್ತು ಆಗಿದ್ದು ಹಾರ್ಟ್ ಅಟ್ಯಾಕ್. ಹೃದಯದ ಸ್ನಾಯು ಒಂದು ಕಡೆ ಸತ್ತು ಗಾಯದ ಕಲೆಯಾಗಿದೆ. ಆ ಭಾಗ ಇನ್ನು ಕೆಲಸ ಮಾಡಲ್ಲ. ಕೂಗೋದು ಬಿಡಬೇಕು, ಮಾತ್ರೆ ತಪ್ಪಿಸಬಾರದು."

ಹೊರಗೆ ಬಂದ ಮಾಮ ಪಂಚೆ ಎತ್ತಿ, ಎತ್ತು ಹಾಯ್ದು ಕಲೆಯಾಗಿದ್ದ ಮೊಣಕಾಲು ತೋರಿಸಿದ. "ಕಲಿ ಆಗೈತಿ ಅಂದ್ರ ಗಾಯ ಮಾಯ್ದೈತಿ ಅಂತ ಅಲ್ಲೇನಲೇ? ಈ ಕಾಲು ನಡಿಯಾಂಗಿಲ್ಲೇನು? ನಿಮ್ಮತ್ತಿ ಮುಂದ ಹೇಳಬ್ಯಾಡ."

ನನಗೂ ಸರಿಯೆನಿಸಿತು. ಡಾಕ್ಟರ ದನಿ ಮಾಡಿ ದಾರಿಯುದ್ದಕ್ಕೂ ನಗಿಸಿದೆ. ಮಾತ್ರೆಗಳು ಅಂಗಿಯ ಜೇಬಿನಲ್ಲೇ ಪುಡಿಯಾದವು.

ಅವನ ಕೂಗು ತುಂಡಾದಲ್ಲಿಂದ ನಾನು ಅವನದೇ ದನಿಯಲ್ಲಿ ಎತ್ತಿಕೊಂಡೆ. ಬರಬರುತ್ತ ಪೂರ್ತಿ ನಾನೇ. ಅವನು ಚಹದಂಗಡಿಯ ಹಿಂದೆ, ಬಾತ ಕಾಲು ಚಾಚಿ, ಗೋಡೆಗೊರಗಿ ಕೂತಿರುತ್ತಿದ್ದ. ಆ ಕೂಗು ನಿಂತಿದ್ದರೆ ಅತ್ತೆ ಓಡಿ ಬರುತ್ತಿದ್ದಳು, ಬೈದಾದರೂ ಮಾತ್ರೆ ನುಂಗಿಸುತ್ತಿದ್ದಳು. ನಾನು ನಿಲ್ಲಗೊಡಲಿಲ್ಲ. ಯಾರಿಗೂ ಗೊತ್ತಾಗುತ್ತಿಲ್ಲವೆಂಬುದೇ ನನ್ನ ಹೆಮ್ಮೆ.

ಒಂದು ಬೆಳಿಗ್ಗೆ ಬಸ್ಸು ಕಳಿಸಿ, "ಹೆಂಗಿತ್ತು ಮಾಮಾ ಇವತ್ತು?" ಎಂದು ಹಿಂದೆ ಹೋದೆ. ತಲೆ ಎದೆಯ ಮೇಲೆ ಬಿದ್ದಿತ್ತು. ಕೈ ತಣ್ಣಗಿತ್ತು.

ಸುದ್ದಿ ಹೇಳಿದಾಗ ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. "ಇಂಥಾ ಚೇಷ್ಟಿ ಬ್ಯಾಡ, ಹೋಗಲೇ. ಈಗಷ್ಟ ಕೂಗಿದ್ರು, ಹರಪನಹಳ್ಳಿ ತನಕ. ನಾ ಕೇಳೀನಿ."

ಕೊನೆಯುಸಿರಿನಲ್ಲೂ ಗಂಡ ಪೂರ್ತಿ ಕೂಗಿಯೇ ಹೋದನೆಂದು ಅವಳು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. "ಹೌದಿಲ್ಲೋ?" ಎಂದು ನನ್ನತ್ತ ನೋಡುತ್ತಾಳೆ. ನಾನು ಹೌದೆನ್ನುತ್ತೇನೆ.